ಮಳೆಗೆ ಮುಂಚೆ ಊರಿನವರೇ ಕೂತು ಭೂಕುಸಿತದ ಸಿದ್ಧತೆಗೆ ಯೋಜನೆ ಮಾಡುವಂತಾಗಬೇಕು: ತೋಟ, ಲೈನ್ ಮನೆ, ಹಾಡಿ ಮೂರೂ ಇರುವ ವಾರ್ಡಿನಲ್ಲಿ ಹೇಗೆ ಶುರು ಮಾಡುವುದು?

ಬಾಣೆದಾರಿ

ವಿರಾಜಪೇಟೆ ತಾಲ್ಲೂಕಿನ ಒಂದು ವಾರ್ಡ್, ಸುಮಾರು 140 ಮನೆ. ಮೇಲೆ ಇಳಿಜಾರಿನಲ್ಲಿ ಕಾಫಿ ತೋಟ, ತೋಟದೊಳಗೆ ಕಾರ್ಮಿಕರ ಎರಡು ಸಾಲು ಲೈನ್ ಮನೆ, ಕಾಡಂಚಿಗೆ ಯರವ ಬುಡಕಟ್ಟಿನವರ ಹಾಡಿ, ಕೆಳಗೆ ಗದ್ದೆ, ಪಕ್ಕದಲ್ಲೇ ಕೊಲ್ಲಿ (ಗುಡ್ಡದ ತೊರೆ). ಬರೆ (ಕಡಿದಾದ ಮಣ್ಣಿನ ದಿಬ್ಬ) ಕುಸಿದರೆ ಯಾವ ಮನೆಗೆ ಮೊದಲು ಅಪಾಯ, ಯಾರು ಯಾರಿಗೆ ಸುದ್ದಿ ಮುಟ್ಟಿಸಬೇಕು, ರಾತ್ರಿ ಎಲ್ಲಿಗೆ ಹೋಗಬೇಕು, ಈ ಮೂರನ್ನು ಜೂನ್‌ಗೆ ಮುಂಚೆ ಊರಿನವರೇ ತೀರ್ಮಾನಿಸಬೇಕು. ಪಂಚಾಯಿತಿಯ ಒಪ್ಪಿಗೆ ಇದೆ.

ತೊಂದರೆ ಇಷ್ಟೇ. ಪಂಚಾಯಿತಿ ಸಭಾಂಗಣದಲ್ಲಿ ಸಭೆ ಕರೆದರೆ ತೋಟದವರು ಮುಂದಿನ ಕುರ್ಚಿಯಲ್ಲಿ ಕೂರುತ್ತಾರೆ, ಲೈನ್ ಮನೆಯವರು ಬಂದರೂ ಬಾಗಿಲ ಹತ್ತಿರ ನಿಂತು ಸಹಿ ಹಾಕಿ ಹೋಗುತ್ತಾರೆ, ಹಾಡಿಯವರು ಬರುವುದೇ ಇಲ್ಲ. ಕುಸಿತದ ದಾರಿಯಲ್ಲಿ ಇರುವುದು ಮಾತ್ರ ಆ ಎರಡು ಕಡೆಯವರ ಮನೆಗಳೇ. ಕ್ರಮ ಗೊತ್ತಿದ್ದವರು ದಿನ, ಸಮಯ, ಸಾಮಾನು ಸಮೇತ ಬಿಡಿಸಿ ಹೇಳಿ.

ಕಣದಂಗಳ

ಮೊದಲ ಸಭೆಯನ್ನು ಎಲ್ಲರನ್ನೂ ಸೇರಿಸಿ ಮಾಡಬೇಡಿ. ಮೂರು ಬೇರೆ ಬೇರೆ ಬೈಠಕ್ ಮಾಡಿ, ನಾಲ್ಕನೆಯದು ಜಂಟಿ. ಲೈನ್ ಮನೆಯವರದು ಲೈನ್ ಮನೆ ಅಂಗಳದಲ್ಲಿ, ಹಾಡಿಯವರದು ಹಾಡಿಯಲ್ಲಿ, ತೋಟ ಮತ್ತು ಗದ್ದೆಯವರದು ಅವರಿಗೆ ಒಗ್ಗುವ ಕಡೆ. ಒಂದೊಂದರಲ್ಲಿ 12ರಿಂದ 15 ಜನ ಸಾಕು. ಇಪ್ಪತ್ತು ದಾಟಿದರೆ ನಾಲ್ಕು ಜನ ಮಾತಾಡುತ್ತಾರೆ, ಉಳಿದವರು ಕೇಳುತ್ತಾರೆ. ಒಂದೂವರೆ ಗಂಟೆಗಿಂತ ಎಳೆಯಬೇಡಿ.

ಮಾಲೀಕರ ಮನೆ ಜಗುಲಿಯಲ್ಲಿ ಕಾರ್ಮಿಕರ ಸಭೆ ಯಾವ ಕಾರಣಕ್ಕೂ ಬೇಡ. ಕಾಫಿ, ತಿಂಡಿ ಎಲ್ಲ ಸಿಗುತ್ತದೆ, ಮಾತು ಸಿಗುವುದಿಲ್ಲ. ತಮ್ಮ ಲೈನ್‌ನ ಹಿಂದಿನ ಬರೆಯನ್ನು ಜೆಸಿಬಿಯಲ್ಲಿ ಕಡಿದದ್ದರಿಂದ ಅಪಾಯ ಬಂದಿದೆ ಎಂದು, ಕಡಿಸಿದವರ ಎದುರಿಗೇ ಯಾರು ಹೇಳುತ್ತಾರೆ?

ಚೆಕ್‌ರೋಲ್

ಕಣದಂಗಳ ಅವರ ಮಾತು ಸರಿ, ಆದರೆ ಲೈನ್ ಮನೆ ಇರುವುದು ಖಾಸಗಿ ತೋಟದೊಳಗೆ. ಹೇಳದೆ ಕೇಳದೆ ಹೋಗಿ ಸಭೆ ಮಾಡಿದರೆ ಮಾಲೀಕರಿಗೆ ಸಂಶಯ ಬರುತ್ತದೆ, ಅದರ ಪೆಟ್ಟು ಬೀಳುವುದು ಕೆಲಸದವರ ಮೇಲೆ. ಹೀಗೆ ಮಾಡಿ: ಒಂದು ವಾರ ಮೊದಲು ಪಂಚಾಯಿತಿ ಪತ್ರದ ಜೊತೆ ಮಾಲೀಕರನ್ನೋ ಮ್ಯಾನೇಜರನ್ನೋ ಕಾಣಿ. ವಿಷಯ ಕುಸಿತದ ಸಿದ್ಧತೆ, ದಿನ ಇದು, ಹೊತ್ತು ಇದು, ನಿಮ್ಮದು ಬೇರೆ ಬೈಠಕ್ ಇದೆ, ಇದಕ್ಕೆ ನೀವೂ ರೈಟರೂ (ತೋಟದ ಗುಮಾಸ್ತರು) ಮೇಸ್ತ್ರಿಯೂ ಬರುವುದು ಬೇಡ ಎಂದು ನೇರವಾಗಿಯೇ ಹೇಳಿ. ಬಹಳ ಜನ ಒಪ್ಪುತ್ತಾರೆ. ತೋಟ ಕುಸಿದರೆ ನಷ್ಟ ಅವರದೂ ಹೌದಲ್ಲ.

ಇನ್ನು ಹೊತ್ತು. ಕೆಲಸ ಬಿಟ್ಟ ಮೇಲೆ ಸಂಜೆ ಐದಕ್ಕೆ ಎಂದರೆ ಹೆಂಗಸರಿಗೆ ನೀರು, ಸೌದೆ, ಅಡುಗೆ. ಆರು ದಾಟಿದರೆ ಆನೆ ಓಡಾಡುವ ಹೊತ್ತು, ಯಾರೂ ಅಂಗಳ ಬಿಟ್ಟು ಬರುವುದಿಲ್ಲ, ಬರಬಾರದು ಕೂಡ. ಭಾನುವಾರ ಎಂದರೆ ಗೋಣಿಕೊಪ್ಪ ಸಂತೆ. ಆದ್ದರಿಂದ ಕೆಲಸದ ದಿನವೇ ಕೊನೆಯ ಒಂದು ಗಂಟೆ ಬಿಡಿಸಿಕೊಡಿ, ಅಂದಿನ ಕೂಲಿ ಕಡಿಯಬೇಡಿ, ಚೆಕ್‌ರೋಲ್‌ನಲ್ಲಿ (ತೋಟದ ಹಾಜರಿ ಪುಸ್ತಕ) ಪೂರ್ತಿ ಹಾಜರಿ ಹಾಕಿ ಎಂದು ಮಾಲೀಕರನ್ನು ಕೇಳಿ. ಮೊದಲ ಸಲದ ಭೇಟಿಯಲ್ಲೇ ಕೇಳಬೇಕಾದ ಮಾತು ಇದು. ಕೂಲಿ ಹೋಗುವ ಸಭೆಗೆ ಬನ್ನಿ ಎಂದು ಬಡವರನ್ನು ಕರೆಯುವುದು ನ್ಯಾಯವಲ್ಲ.

ಮಳೆಪುಸ್ತಕ

ತಿಂಗಳ ಲೆಕ್ಕವನ್ನೂ ಹಿಡಿಯಿರಿ. ಅರೇಬಿಕಾ ಕೊಯ್ಲು ನವೆಂಬರಿಂದ, ರೋಬಸ್ಟಾ ಜನವರಿಯಿಂದ ಮಾರ್ಚ್‌ವರೆಗೆ, ಅದರ ಹಿಂದೆಯೇ, ಕಾಫಿ ಹೂ ಅರಳಿಸುವ ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್. ನಿಮಗೆ ಉಳಿಯುವುದು ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆವರೆಗೆ, ಆರೇಳು ವಾರ. ಅದರಲ್ಲೂ ಮದುವೆ, ಊರ ಹಬ್ಬ, ಕೊಡವರ ಹಾಕಿ ಹಬ್ಬದ ಕೊನೆಯ ಪಂದ್ಯಗಳು. ಮೇ ತಿಂಗಳಲ್ಲಿ ದೇವರಪುರದ ಕುಂಡೆ ಹಬ್ಬ, ಆ ವಾರ ಹಾಡಿಯಲ್ಲಿ ಜನ ಸಿಗುವುದಿಲ್ಲ. ದಿನ ಗೊತ್ತು ಮಾಡುವ ಮುಂಚೆ ಅಂಗನವಾಡಿ ಕಾರ್ಯಕರ್ತೆ ಮತ್ತು ಆಶಾ ಕಾರ್ಯಕರ್ತೆಯನ್ನು ಕೇಳಿ. ಯಾವ ಮನೆಯಲ್ಲಿ ಏನಿದೆ ಎಂದು ಅವರಷ್ಟು ತಿಳಿದವರು ಇನ್ನೊಬ್ಬರಿಲ್ಲ.

ಹಾಡಿಕಡೆ

ಹಾಡಿ ವಿಷಯ ನಾನು ಹೇಳುತ್ತೇನೆ. ಎಷ್ಟೋ ಸಲ ಯಾರ್ಯಾರೋ ಬಂದು ಹೆಸರು ಬರೆದುಕೊಂಡು, ಫೋಟೋ ತೆಗೆದುಕೊಂಡು ಹೋದ ಹಾಡಿಗಳು ಇವು. ನೀವು ಕುಸಿತದ ಬಗ್ಗೆ ಬಾಯಿ ತೆರೆಯುವ ಮುಂಚೆ ಅವರು ಕೇಳುವುದು ಹಕ್ಕುಪತ್ರ, ಕರೆಂಟು, ದಾರಿ. ‘ಅದು ನಮ್ಮ ವಿಷಯವಲ್ಲ’ ಎಂದರೆ ಸಭೆ ಅಲ್ಲಿಗೇ ಮುಗಿಯಿತು. ‘ಮಾಡಿಸಿಕೊಡುತ್ತೇವೆ’ ಎಂದರೆ ಅದು ಸುಳ್ಳು.

ಸರಿಯಾದ ದಾರಿ ಬೇರೆ. ಅರಣ್ಯ ಹಕ್ಕು ಕಾಯ್ದೆ 2006ರ ಕೆಳಗೆ ಅರ್ಜಿ ಹೋಗುವ ಮೆಟ್ಟಿಲುಗಳನ್ನು ಮೊದಲೇ ತಿಳಿದು ಹೋಗಿ: ಅರಣ್ಯ ಹಕ್ಕು ಸಮಿತಿಯ ಪರಿಶೀಲನೆ, ಗ್ರಾಮಸಭೆಯ ನಿರ್ಣಯ, ಉಪವಿಭಾಗ ಮಟ್ಟದ ಸಮಿತಿ, ಜಿಲ್ಲಾ ಮಟ್ಟದ ಸಮಿತಿ. ಯಾರ ಅರ್ಜಿ ಯಾವ ಮೆಟ್ಟಿಲಲ್ಲಿ ನಿಂತಿದೆ ಎಂದು ಪಂಚಾಯಿತಿಯಲ್ಲೂ ಸಮಾಜ ಕಲ್ಯಾಣ ಅಥವಾ ಪರಿಶಿಷ್ಟ ವರ್ಗಗಳ ಇಲಾಖೆ ಕಚೇರಿಯಲ್ಲೂ ವಿಚಾರಿಸಿ, ಚೀಟಿಯಲ್ಲಿ ಬರೆದು ತಂದು ಓದಿ ಹೇಳಿ. ಅಷ್ಟು ಮಾಡಿದರೆ ‘ಇವರು ಬರೀ ಬರೆದುಕೊಂಡು ಹೋಗುವವರಲ್ಲ’ ಎಂದು ಗೊತ್ತಾಗುತ್ತದೆ. ಆಮೇಲೆ ಕುಸಿತದ ಮಾತು.

ಭಾಷೆಯೂ ಮುಖ್ಯ. ಯರವರ ಮಾತು ಬೇರೆ. ಕನ್ನಡ ಅರ್ಥವಾಗುತ್ತದೆ, ಆದರೆ ಹೆಂಗಸರು, ವಯಸ್ಸಾದವರು ತಮ್ಮ ಮಾತಿನಲ್ಲೇ ನಿಜ ಹೇಳುವುದು. ಹಾಡಿಯದೇ ಓದಿದ ಹುಡುಗ ಅಥವಾ ಹುಡುಗಿಯನ್ನು ಸಭೆ ನಡೆಸಲು ಕೂರಿಸಿ, ನೀವು ಪಕ್ಕದಲ್ಲಿ ಕೂತು ಬರೆದುಕೊಳ್ಳಿ. ಆ ಹೊತ್ತಿಗೆ ಅವರಿಗೆ ಒಂದು ದಿನದ ಕೂಲಿಗಿಂತ ಕಡಿಮೆಯಾಗದ ಸಂಭಾವನೆ ಕೊಡಿ.

ಗದ್ದೆಬದಿ

ಲೈನ್ ಮನೆಯಲ್ಲಿ ಈಗ ಅಸ್ಸಾಂ ಕಡೆಯಿಂದ ಬಂದವರೂ ಇದ್ದಾರೆ, ಅವರನ್ನು ಮರೆಯಬೇಡಿ. ಇಲ್ಲಿಯ ಮಳೆಯಲ್ಲಿ ಮಣ್ಣು ಹೇಗೆ ಜಾರುತ್ತದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ, ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದ ಕಾರಣ ವಾರ್ಡ್ ಸಭೆಯ ಲೆಕ್ಕಕ್ಕೂ ಬರುವುದಿಲ್ಲ. ಹಿಂದಿ ಬಲ್ಲ ಒಬ್ಬರು ಬೇಕು. ಮಲಯಾಳ ಮಾತಾಡುವ ಮನೆಗಳಿದ್ದರೆ ಅದಕ್ಕೂ ಒಬ್ಬರು.

ಕಣದಂಗಳ

ಈಗ ಬೈಠಕ್ ಒಳಗೆ ಏನು ಮಾಡುವುದು ಎಂದು. ಪ್ರಶ್ನಾವಳಿ ಹಿಡಿದು ಕೂರಬೇಡಿ. ನೆಲದ ಮೇಲೆ ನಕ್ಷೆ ಬರೆಸಿ. ಕಾಫಿ ಒಣಗಿಸುವ ಕಣ ಇದ್ದರೆ ಬಹಳ ಒಳ್ಳೆಯದು. ಇಲ್ಲವಾದರೆ ಗುಡಿಸಿದ ಅಂಗಳ, 12 ಅಡಿಗೆ 12 ಅಡಿ ಜಾಗ. ಸಾಮಾನು: ಎರಡು ಕಿಲೋ ರಂಗೋಲಿ ಪುಡಿ, ಒಂದು ಚೀಲ ಕಾಫಿ ಸಿಪ್ಪೆ, ಒಂದಷ್ಟು ಬೆಣಚುಕಲ್ಲು, ಹಸಿ ಸೊಪ್ಪು, ನೀಲಿ ದಾರ.

ಬರೆಸುವ ಕ್ರಮ ತಪ್ಪಬಾರದು. ಮೊದಲು ಎಲ್ಲರಿಗೂ ಗೊತ್ತಿರುವ ಒಂದು ಗುರುತು ಇಡಿ, ದೇವರಕಾಡೋ ಶಾಲೆಯೋ. ಅಲ್ಲಿಂದ ಕೊಲ್ಲಿ, ನೀಲಿ ದಾರದಲ್ಲಿ. ಆಮೇಲೆ ದಾರಿಗಳು, ಸಿಪ್ಪೆಯಲ್ಲಿ. ಆಮೇಲೆ ಮನೆಗಳು, ಒಂದೊಂದು ಕಲ್ಲು. ತಮ್ಮ ಮನೆ ಕಲ್ಲನ್ನು ಅವರವರೇ ಇಡಲಿ. ನಡೆಯಲಾಗದವರು, ಬಸುರಿ, ಹಾಲುಗೂಸು ಇರುವ ಮನೆಯ ಕಲ್ಲಿನ ಮೇಲೆ ಒಂದು ಎಲೆ. ಕೊನೆಗೆ ಕೇಳಿ: ಹಿಂದೆ ಮಣ್ಣು ಜಾರಿದ್ದು ಎಲ್ಲಿ, ಮಳೆಗಾಲದಲ್ಲಿ ಹೊಸ ಉಜೆ (ನೀರಿನ ಒರತೆ) ಏಳುವುದು ಎಲ್ಲಿ, ಬರೆ ಕಡಿದದ್ದು ಎಲ್ಲಿ. ಅಲ್ಲೆಲ್ಲ ಕೆಂಪು ಹೂವು ಇಡಿಸಿ.

ಹೆಂಗಸರ ನಕ್ಷೆ ಬೇರೆ, ಗಂಡಸರದು ಬೇರೆ ಮಾಡಿಸಿದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಗಂಡಸರು ಜೀಪ್ ದಾರಿಯನ್ನು ಮೊದಲು ಎಳೆಯುತ್ತಾರೆ. ಹೆಂಗಸರು ನೀರಿಗೆ, ಸೌದೆಗೆ ಹೋಗುವ ಕಾಲುದಾರಿ ಎಳೆಯುತ್ತಾರೆ. ಜೀಪ್ ದಾರಿ ಮುಚ್ಚಿಹೋದ ರಾತ್ರಿ ಉಳಿಯುವುದು ಆ ಕಾಲುದಾರಿಯೇ.

ಎದ್ದು ಹೋಗುವ ಮುಂಚೆ ಒಬ್ಬರು ಅದನ್ನು ಚಾರ್ಟ್ ಹಾಳೆಗೆ ಇಳಿಸಬೇಕು. ಒಂದು ಪ್ರತಿ ಅಲ್ಲೇ ಇರಲಿ, ಇನ್ನೊಂದು ನಿಮಗೆ. ನಕ್ಷೆಯನ್ನು ಫೋಟೋ ತೆಗೆದುಕೊಂಡು ಹೋಗಿ ಊರಿಗೆ ಏನೂ ಬಿಡದಿರುವುದು ಅತಿ ಸಾಮಾನ್ಯ ತಪ್ಪು.

ವಾರ್ಡ್‌ಸಭೆ

ಆದ್ಯತೆ ಗೊತ್ತುಮಾಡಲು ಕೈ ಎತ್ತಿಸಬೇಡಿ. ಪಕ್ಕದವರನ್ನು ನೋಡಿ ಕೈ ಏಳುತ್ತದೆ. ಹತ್ತು ಬೀಜದ ವಿಧಾನ ಉಪಯೋಗಿಸಿ: ಚರಂಡಿ, ದಾರಿ ದೀಪ, ತಡೆಗೋಡೆ, ಸ್ಥಳಾಂತರದ ಜಾಗ, ಹೀಗೆ ಒಂದೊಂದಕ್ಕೆ ಒಂದು ಚಿತ್ರದ ಕಾರ್ಡ್, ನಾಲ್ಕೈದು ಜನರ ಗುಂಪಿಗೆ ಹತ್ತು ಕಾಫಿ ಬೀಜ. ಯಾವುದಕ್ಕೆ ಎಷ್ಟು ಎಂದು ತಾವೇ ಮಾತಾಡಿಕೊಂಡು ಹಂಚಲಿ. ಬೀಜದ ಲೆಕ್ಕಕ್ಕಿಂತ, ಹಂಚುವಾಗ ಏಕೆ ಎಂದು ಆಡುವ ಮಾತು ಬೆಲೆಯುಳ್ಳದ್ದು. ಅದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಹೆಸರು ಬರೆಯಬೇಡಿ, ‘ಮೇಲಿನ ಲೈನ್, ಹೆಂಗಸರ ಗುಂಪು’ ಎಂದರೆ ಸಾಕು.

ಇನ್ನೊಂದು ವಿಷಯ, ಶುರುವಿನಲ್ಲೇ ಹೇಳಿಬಿಡಿ: ಇಲ್ಲಿ ನೀವು ಹೇಳಿದ್ದರಲ್ಲಿ ಯಾವುದು ನಿಮ್ಮ ತೀರ್ಮಾನವೇ ಕೊನೆ, ಯಾವುದು ಬರೀ ಸಲಹೆ. 1969ರಲ್ಲಿ ಷೆರಿ ಆರ್ನ್‌ಸ್ಟೀನ್ ಎಂಬಾಕೆ ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲ ಏಣಿಯಾಗಿ ವಿಂಗಡಿಸಿದರು. ಕೆಳಗಿನ ಎರಡರಲ್ಲಿ ಪಾಲ್ಗೊಳ್ಳುವಿಕೆಯೇ ಇಲ್ಲ. ನಡುವಿನ ಮೂರರಲ್ಲಿ ತಿಳಿಸುವುದು, ಅಭಿಪ್ರಾಯ ಕೇಳುವುದು, ಸಮಾಧಾನಪಡಿಸುವುದು. ಮೇಲಿನ ಮೂರರಲ್ಲಿ ಮಾತ್ರ ಅಧಿಕಾರ ಹಂಚಿಕೆಯಾಗುತ್ತದೆ. ನಿಮ್ಮ ವಾರ್ಡಿನಲ್ಲಿ ಓಡಿಹೋಗುವ ದಾರಿ, ಸುದ್ದಿ ಮುಟ್ಟಿಸುವ ಪಟ್ಟಿ ಊರಿನವರದೇ ತೀರ್ಮಾನ. ತಡೆಗೋಡೆ ಅವರ ಬೇಡಿಕೆ, ಹಣ ಕೊಡುವವರು ಬೇರೆ. ಎರಡನ್ನೂ ಕಲಸಿದರೆ ಮುಂದಿನ ವರ್ಷ ಯಾರೂ ಬರುವುದಿಲ್ಲ.

ಗದ್ದೆಬದಿ

ಏಣಿಯ ಲೆಕ್ಕ ನಮಗೆ ಬೇಕಾ? ಊರಲ್ಲಿ ಇದನ್ನೆಲ್ಲ ಹೇಳಿದರೆ ಜನ ಎದ್ದು ಹೋಗುತ್ತಾರೆ.

ವಾರ್ಡ್‌ಸಭೆ

ಊರಲ್ಲಿ ಹೇಳಲು ಅಲ್ಲ, ನಡೆಸುವವರ ತಲೆಯಲ್ಲಿ ಇರಲು. ಊರಲ್ಲಿ ಹೇಳಬೇಕಾದ್ದು ಎರಡೇ ವಾಕ್ಯ: ‘ಇದು ನೀವು ಹೇಳಿದ ಹಾಗೇ ಆಗುತ್ತದೆ. ಇದನ್ನು ನಾವು ಬರೆದು ಕೊಡುತ್ತೇವೆ, ಆಗುತ್ತದೋ ಇಲ್ಲವೋ ಇಂಥ ದಿನ ಬಂದು ಹೇಳುತ್ತೇವೆ.’

ಮಳೆಪುಸ್ತಕ

ತೋಟದವರ ಬೈಠಕ್‌ನಲ್ಲಿ ಅವರಿಂದ ಪಡೆಯಬೇಕಾದ್ದು ಒಂದಿದೆ, ಅದನ್ನು ಯಾರೂ ಕೇಳುವುದಿಲ್ಲ: ಮಳೆ ಪುಸ್ತಕ. ಕೊಡಗಿನ ಎಷ್ಟೋ ತೋಟಗಳಲ್ಲಿ ದಿನಾ ಬೆಳಿಗ್ಗೆ ಮಳೆ ಅಳೆದು ಇಂಚು, ಸೆಂಟ್‌ನಲ್ಲಿ (ಇಂಚಿನ ನೂರನೇ ಒಂದು ಭಾಗ) ಬರೆದಿಡುತ್ತಾರೆ, ಕೆಲವರಲ್ಲಿ ಅಜ್ಜನ ಕಾಲದಿಂದ. 2018ರ ಆಗಸ್ಟ್, 2019ರ ಆಗಸ್ಟ್ ಪುಟಗಳನ್ನು ತೆರೆಸಿ, ಮಣ್ಣು ಜಾರಿದ ದಿನಕ್ಕೆ ಹಿಂದಿನ ಒಂದು ವಾರ ಎಷ್ಟು ಬಿದ್ದಿತ್ತು ಎಂದು ಬರೆದುಕೊಳ್ಳಿ. ಹವಾಮಾನ ಇಲಾಖೆಯ ಭಾಷೆ ಮಿಲಿಮೀಟರ್, ತೋಟದ ಭಾಷೆ ಇಂಚು. ಎರಡನ್ನೂ ಜೋಡಿಸುವ ಚೀಟಿ ಮಾಡಿ ಎಲ್ಲ ಬೈಠಕ್‌ನಲ್ಲೂ ಕೊಡಿ: ದಿನಕ್ಕೆ 64.5 ಮಿ.ಮೀ. ದಾಟಿದರೆ ‘ಭಾರಿ’, ಅಂದರೆ 2 ಇಂಚು 54 ಸೆಂಟ್. 115.6 ದಾಟಿದರೆ ‘ಅತಿ ಭಾರಿ’, 4 ಇಂಚು 55 ಸೆಂಟ್. 204.5ಕ್ಕೆ ಮೇಲೆ ‘ಅತ್ಯಂತ ಭಾರಿ’, 8 ಇಂಚು 5 ಸೆಂಟ್.

ಒಂದು ದಿನದ ಲೆಕ್ಕ ಮಾತ್ರ ನೋಡಿದರೆ ಮೋಸ ಹೋಗುತ್ತೀರಿ. ವಾರಗಟ್ಟಲೆ ನೆನೆದು ಭಾರವಾದ ಬರೆಗೆ ಎರಡು ಇಂಚೂ ಸಾಕಾಗಬಹುದು. ಅದಕ್ಕೇ ಹಿಂದಿನ ವಾರದ ಮೊತ್ತ ಬೇಕೆಂದದ್ದು. ತೋಟದ ಮಳೆ ಮಾಪಕದ ಅಂಕಿಯನ್ನು ಜೂನ್‌ನಿಂದ ದಿನಾ ಒಂಬತ್ತು ಗಂಟೆಯೊಳಗೆ ಲೈನ್ ಮನೆ ಹಲಗೆಯಲ್ಲಿ ಸೀಮೆಸುಣ್ಣದಲ್ಲಿ ಬರೆಸಲು ಮಾಲೀಕರು ಒಪ್ಪಿದರೆ, ಅದೊಂದೇ ಈ ಬೈಠಕ್‌ಗೆ ಸಾಕಷ್ಟು ಫಲ.

ಬಾಣೆದಾರಿ

ಬಹಳ ಉಪಯೋಗವಾಯಿತು. ಎರಡು ಪ್ರಶ್ನೆ. ಬರೆಯಲ್ಲಿ ಈಗಾಗಲೇ ಬಿರುಕು ಇದೆ ಎಂದು ಬೈಠಕ್‌ನಲ್ಲಿ ಹೇಳಿದರೆ ಏನು ಮಾಡುವುದು? ಮತ್ತೆ, ರಾತ್ರಿ ಕರೆಂಟೂ ನೆಟ್‌ವರ್ಕೂ ಇಲ್ಲದಾಗ ಎಚ್ಚರಿಕೆ ಕೊಡುವುದು ಹೇಗೆ? ಕೋವಿ ಸದ್ದು ದೂರಕ್ಕೆ ಕೇಳುತ್ತದೆ ಎಂದು ಒಬ್ಬರು ಸಲಹೆ ಕೊಟ್ಟಿದ್ದಾರೆ.

ಗದ್ದೆಬದಿ

ಕೋವಿ ಬೇಡ. ಕೊಡವರಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಬೆನ್ನುಬೆನ್ನಿಗೆ ಎರಡು. ಸುತ್ತಲಿನ ಎಲ್ಲರಿಗೂ ಆ ಅರ್ಥ ಗೊತ್ತು. ಮಧ್ಯರಾತ್ರಿ ಎರಡು ಗುಂಡು ಕೇಳಿದರೆ ಯಾರ ಮನೆಯಲ್ಲಿ ಸಾವಾಯಿತು ಎಂದು ಅತ್ತ ಹೊರಡುತ್ತಾರೆ, ಅದೂ ಕುಸಿತದ ಕಡೆಗೇ ಆದರೆ? ಆನೆ ಓಡಿಸುವ ಪಟಾಕಿಯೂ ಬೇಡ, ಅದನ್ನು ಕೇಳಿ ಜನ ಬಾಗಿಲು ಹಾಕಿಕೊಂಡು ಒಳಗೇ ಕೂರುತ್ತಾರೆ. ನಮಗೆ ಬೇಕಾದ್ದು ಹೊರಗೆ ಬರಬೇಕಾದ ಸದ್ದು.

ಕೆಲಸಕ್ಕೆ ಕರೆಯುವ ಗಂಟೆ ತೋಟದಲ್ಲಿ ಇದ್ದರೆ ಅದೇ ಸರಿ. ಮಾಮೂಲಿ ಹೊಡೆತಕ್ಕಿಂತ ಬೇರೆಯಾಗಿ, ಬಿಡದೆ ಎರಡು ನಿಮಿಷ. ಮೇ ತಿಂಗಳಲ್ಲೇ ಹೊಡೆದು ನೋಡಿ, ಒಬ್ಬರು ಹಾಡಿಯಲ್ಲಿ, ಒಬ್ಬರು ಗದ್ದೆ ಮನೆಯಲ್ಲಿ ನಿಂತು ಕೇಳಲಿ. ಜೋರು ಮಳೆ ಹಂಚಿನ ಮೇಲೆ, ಶೀಟಿನ ಮೇಲೆ ಬೀಳುವಾಗ ಒಳಗೆ ಮಲಗಿದವರಿಗೆ ಏನೂ ಕೇಳುವುದಿಲ್ಲ. ಬೇಸಿಗೆಯಲ್ಲಿ ಕೇಳಿಸಿತು ಎಂದು ನಂಬಿ ಕೂರಬೇಡಿ. ಗಂಟೆಯ ಜೊತೆಗೆ ಮನೆ ಸರಪಳಿ ಬೇಕೇ ಬೇಕು: ಪ್ರತಿ ಮನೆ ಪಕ್ಕದ ಎರಡು ಮನೆಯ ಬಾಗಿಲು ಬಡಿಯುವುದು, ಎಲೆ ಇಟ್ಟ ಮನೆಗೆ ಮೊದಲು. ಯಾರು ಯಾರ ಬಾಗಿಲು ಎಂದು ನಕ್ಷೆಯ ಮೇಲೇ ದಾರ ಹಾಕಿ ತೋರಿಸಿ.

ಮಳೆಪುಸ್ತಕ

ಬಿರುಕಿನ ಬಗ್ಗೆ. ಮೂರು ಬೈಠಕ್ ಆದ ಮೇಲೆ, ಜಂಟಿ ಸಭೆಗೆ ಮುಂಚೆ, ಮೂರೂ ಕಡೆಯ ಇಬ್ಬಿಬ್ಬರು ಸೇರಿ ಬಾಣೆಯ (ಗದ್ದೆ ಮೇಲಿನ ಗುಡ್ಡದ ಜಮೀನು) ತುದಿಯಿಂದ ಗದ್ದೆವರೆಗೆ ನಡೆಯಿರಿ. ಎರಡು ಕಿಲೋಮೀಟರಿಗೆ ಎರಡೂವರೆ ಗಂಟೆ ಹಿಡಿಯುತ್ತದೆ. ಜಂಟಿ ಸಭೆ ಅರ್ಧ ಗೆಲ್ಲುವುದು ಇಲ್ಲಿಯೇ, ಯಾಕೆಂದರೆ ಮಾಲೀಕರು ಮತ್ತು ಲೈನ್ ಮನೆಯವರು ಒಂದೇ ಬಿರುಕಿನ ಮುಂದೆ ನಿಂತು ಮಾತಾಡುತ್ತಾರೆ. ನೋಡಬೇಕಾದ್ದು: ವಾಲಿದ ಮರ, ವಾಲಿದ ಕರೆಂಟ್ ಕಂಬ, ಗೋಡೆ ಮತ್ತು ನೆಲದ ಸೀಳು, ಇದ್ದಕ್ಕಿದ್ದಂತೆ ಬಿಗಿಯಾದ ಬಾಗಿಲು, ಹೊಸ ಉಜೆ, ಹೂಳು ತುಂಬಿದ ಚರಂಡಿ.

ಬಿರುಕಿನ ಎರಡು ಬದಿಯಲ್ಲಿ ಅರ್ಧ ಅರ್ಧ ಮೀಟರ್ ದೂರಕ್ಕೆ ಒಂದೊಂದು ಗೂಟ ಹೊಡೆಯಿರಿ. ಗೂಟದ ತಲೆಗೆ ಒಂದು ಮೊಳೆ. ಮೊಳೆಯಿಂದ ಮೊಳೆಗೆ ಟೇಪಿನಲ್ಲಿ ಅಳೆದು ಪುಸ್ತಕದಲ್ಲಿ ದಿನಾಂಕದ ಜೊತೆ ಬರೆಯಿರಿ. ಗೂಟಗಳ ನಡುವಿನ ಒಂದು ಅಡಿ ಬಿಟ್ಟು ಉಳಿದ ಬಿರುಕಿಗೆ ಜೇಡಿಮಣ್ಣು ತುಂಬಿ ಗುದ್ದಿ, ಮೇಲಿನಿಂದ ಬರುವ ನೀರನ್ನು ಬದಿಗೆ ತಿರುಗಿಸಿ. ಮಳೆಗಾಲದಲ್ಲಿ ಬೆಳಿಗ್ಗೆ ಅಳೆಯುವುದು, ಅಂತರ ಹಿಗ್ಗುತ್ತಿದೆ ಎಂದರೆ ಆ ದಿನವೇ ಕೆಳಗಿನ ಮನೆ ಖಾಲಿ, ಜಿಲ್ಲಾ ನಿಯಂತ್ರಣ ಕೊಠಡಿಗೆ 1077. ಜೋರು ಮಳೆ ಬರುತ್ತಿರುವಾಗ, ರಾತ್ರಿ ಹೊತ್ತು ಯಾರೂ ಅಳೆಯಲು ಹೋಗಬಾರದು. ತುಂಬಿ ಹರಿಯುವ ಕೊಲ್ಲಿ ದಿಢೀರನೆ ಬತ್ತಿದರೆ ಅಥವಾ ನೀರು ಕೆಸರಾಗಿ ಬಂದರೆ ಅಳತೆಗೆ ಕಾಯುವುದೇ ಬೇಡ. ಮೇಲೆ ಮಣ್ಣು ಜಾರಿರಬಹುದು ಅಥವಾ ಕಟ್ಟಿಕೊಂಡಿರಬಹುದು, ಹೊರಡಬೇಕು.

ವಾರ್ಡ್‌ಸಭೆ

ಜಂಟಿ ಸಭೆಯನ್ನು ವಾರ್ಡ್ ಸಭೆಯಾಗಿಯೇ ಕರೆಯಿರಿ, ಆಗ ನಡಾವಳಿ ಪುಸ್ತಕಕ್ಕೆ ಏರುತ್ತದೆ. ಕೋರಂ: ವಾರ್ಡಿನ ಮತದಾರರಲ್ಲಿ ಹತ್ತನೇ ಒಂದು ಅಥವಾ 20 ಜನ, ಯಾವುದು ಕಡಿಮೆಯೋ ಅದು. ಬಂದವರಲ್ಲಿ ಶೇ 30ಕ್ಕೆ ಕಡಿಮೆಯಿಲ್ಲದಂತೆ ಮಹಿಳೆಯರು. ಅರಣ್ಯ ಹಕ್ಕಿನ ಗ್ರಾಮಸಭೆಯ ಕೋರಂ ಬೇರೆ, ಅಲ್ಲಿ ಅರ್ಧದಷ್ಟು ಜನ ಬೇಕು. ಎರಡನ್ನೂ ಒಂದೇ ದಿನ ಒಂದೇ ಹಾಜರಿಯಲ್ಲಿ ಮುಗಿಸಲು ಹೋಗಬೇಡಿ, ಮುಂದೆ ಅರ್ಜಿಗಳು ಅದರಿಂದಲೇ ಬಿದ್ದುಹೋಗಬಹುದು.

ಕುರ್ಚಿ ಸಾಲು ಬೇಡ, ಎಲ್ಲರಿಗೂ ಚಾಪೆ, ವೃತ್ತದಲ್ಲಿ. ಮೊದಲು ಹಾಡಿಯ ನಕ್ಷೆ, ಆಮೇಲೆ ಲೈನ್ ಮನೆಯದು, ಕೊನೆಗೆ ತೋಟದವರದು. ಆ ಕ್ರಮ ತಿರುಗಿಸಿದರೆ ಮೊದಲು ಮಾತಾಡಿದವರ ಮಾತಿಗೆ ಉಳಿದವರು ಹೂಂ ಎನ್ನುತ್ತಾರೆ. ವಿವರಿಸುವವರು ಆಯಾ ಕಡೆಯವರೇ, ನೀವಲ್ಲ.

ಹದಿನೈದು ದಿನದೊಳಗೆ ಮೂರೂ ಕಡೆ ಹಲಗೆ ಹಾಕಿ: ಆಗಿದೆ, ಆಗುತ್ತಿದೆ, ಈಗ ಆಗುವುದಿಲ್ಲ. ಮೂರನೆಯದರ ಮುಂದೆ ಕಾರಣ. ಚರಂಡಿ ಹೂಳು ಈಗಲೇ ತೆಗೆಸಬಹುದು. ತಡೆಗೋಡೆಗೆ ಹಣ ಈಗಿಲ್ಲ, ಅಕ್ಟೋಬರ್ 2ರಿಂದ ಶುರುವಾಗುವ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯ ಸುತ್ತಿನಲ್ಲಿ ಸೇರಿಸಬೇಕು. ಹಾಗೆಂದೇ ಬರೆಯಿರಿ. ಓದು ಬಾರದವರಿಗಾಗಿ ಹಲಗೆ ಹಾಕಿದ ದಿನ ಒಬ್ಬರು ನಿಂತು ಓದಿ ಹೇಳಬೇಕು. ‘ಆಗುವುದಿಲ್ಲ’ ಎಂದು ಹೇಳಲು ವಾಪಸ್ ಹೋಗುವುದು ಕಷ್ಟ, ಆದರೆ ಹೋಗಲೇಬೇಕು.

ಬಾಣೆದಾರಿ

ಗಂಟೆ ಇರುವುದು ತೋಟದ ಆಫೀಸಿನ ಪಕ್ಕ, ಬೀಗದ ಕಾಂಪೌಂಡಿನೊಳಗೆ. ರಾತ್ರಿ ರೈಟರ್ ಇರುವುದಿಲ್ಲ.

ಚೆಕ್‌ರೋಲ್

ಹಾಗಾದರೆ ಅದನ್ನು ಮಾಲೀಕರ ಬೈಠಕ್‌ನ ಮೊದಲ ವಿಷಯ ಮಾಡಿ. ಒಂದೋ ಗಂಟೆಯನ್ನು ಮೇಲಿನ ಲೈನ್‌ನ ಮುಂದಿನ ಮರಕ್ಕೆ ಸ್ಥಳಾಂತರ ಮಾಡಿಸಿ, ಇಲ್ಲವೇ ಗೇಟಿನ ಕೀಲಿಯ ಎರಡು ಪ್ರತಿ ಲೈನ್‌ನ ಎರಡು ಮನೆಯಲ್ಲಿ ಇರಲಿ, ಅದರಲ್ಲಿ ಒಂದು ಹೆಂಗಸಿನ ಕೈಯಲ್ಲಿ. ಕೀಲಿ ಇರುವ ಮನೆಯವರು ಊರಿಗೆ ಹೋದರೆ ಯಾರಿಗೆ ಕೊಟ್ಟು ಹೋಗಬೇಕು ಎಂಬುದನ್ನೂ ಅದೇ ದಿನ ಬರೆದಿಡಿ. ಬೇರೆಯವರ ಒಪ್ಪಿಗೆ ಕೇಳಲು ಕಾಯದೆ ಗಂಟೆ ಹೊಡೆಯಬಹುದು, ಸುಳ್ಳು ಎಚ್ಚರಿಕೆಯಾದರೂ ಯಾರೂ ಬೈಯುವಂತಿಲ್ಲ ಎಂದು ಮಾಲೀಕರ ಬಾಯಲ್ಲೇ ಜಂಟಿ ಸಭೆಯಲ್ಲಿ ಹೇಳಿಸಿ, ನಡಾವಳಿಯಲ್ಲಿ ಬರೆಸಿ.